ದೂರವಲ್ಲ, ಕಾಯುವ ಹೊತ್ತು

ಹೈದರಾಬಾದಿನ ತಾರ್ನಾಕದ ಕನ್ನಡ ಕುಟುಂಬಗಳಲ್ಲಿ ಅಮೆರಿಕಕ್ಕೆ ಹೊರಟ ಹಿರಿಯರಿಗೆ ಟಿಕೆಟ್ ಹುಡುಕಿಕೊಡುತ್ತ ನನಗೆ ಮನದಟ್ಟಾದದ್ದು ಒಂದೇ ವಿಷಯ: ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ನೋಡಿ ಪ್ರಯಾಣದ ಅವಧಿ ಊಹಿಸಬಾರದು. ನಮ್ಮ ಶಂಷಾಬಾದ್ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅತಿ ಹತ್ತಿರದ ಆಕಾಶದಾರಿ ಸುಮಾರು 13,500 ಕಿ.ಮೀ.; ಅದು ಸೈಬೀರಿಯಾದ ಮೇಲೆ ಹಾದುಹೋಗುತ್ತದೆ. ದುಬೈ ಮೂಲಕ ಹೋದರೆ ಪಶ್ಚಿಮಕ್ಕೆ 2,550 ಕಿ.ಮೀ. ಹಿಂದೆ ಸರಿದಂತೆ ಭೂಪಟದಲ್ಲಿ ಕಾಣುತ್ತದೆ. ಆದರೆ ಭೂಮಿ ಗುಂಡಗಿದೆ. ದುಬೈಯಿಂದ ಮುಂದಿನ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಸಾಗಿ ಸುಮಾರು 13,000 ಕಿ.ಮೀ.ಗೆ ಮುಗಿಯುತ್ತದೆ. ಒಟ್ಟು ಹೆಚ್ಚಾಗುವುದು ಸುಮಾರು 2,000 ಕಿ.ಮೀ., ಅಂದರೆ ಹಾರಾಟದ ಎರಡು ಗಂಟೆ ಚಿಲ್ಲರೆ. ಹಾಗಿದ್ದರೂ ಇಡೀ ಪ್ರಯಾಣ ಒಂದು ದಿನವನ್ನು ನುಂಗುವುದು ಮಧ್ಯದ ನಿಲ್ದಾಣದಲ್ಲಿ ಕಾಯುವುದರಿಂದ.

ಟಿಕೆಟ್ಟಿನ ಮೇಲಿನ ಸಮಯವೂ ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ಆಯಾ ಊರಿನ ಗಡಿಯಾರದ್ದು. ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ 2021ರ ಜನವರಿ 9ರ ರಾತ್ರಿ ಹೊರಟು 11ರ ನಸುಕಿಗೆ ದೇವನಹಳ್ಳಿ ತಲುಪಿತು. ತಾರೀಕು ನೋಡಿದರೆ ಒಂದೂಕಾಲು ದಿನಕ್ಕೂ ಹೆಚ್ಚು. ಗಡಿಯಾರಗಳ ಹದಿಮೂರೂವರೆ ಗಂಟೆಯ ಅಂತರ ಕಳೆದರೆ ಹಾರಿದ್ದು ಸುಮಾರು 17 ಗಂಟೆ. ಹಾರಾಟದ ಅವಧಿಯಲ್ಲಿ ಗಾಳಿಯ ಪಾಲೂ ಇದೆ: ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯಿಂದಾಗಿ ಲಂಡನ್ನಿನಿಂದ ಹೈದರಾಬಾದಿಗೆ ಬರುವುದು ಹೋಗುವುದಕ್ಕಿಂತ ಬೇಗ. ಯಾವುದಾದರೂ ದೇಶ ತನ್ನ ವಾಯುಪ್ರದೇಶ ಮುಚ್ಚಿದರಂತೂ ಹತ್ತಿರದ ದಾರಿ ಕಾಗದದಲ್ಲೇ ಉಳಿಯುತ್ತದೆ.

ದೂರ ಹೆಚ್ಚಾದರೆ ಇಂಧನವೂ ದರವೂ ಹೆಚ್ಚಲ್ಲವೇ ಎಂದು ಕೇಳುವವರಿದ್ದಾರೆ. ಇಂಧನದ ಮಾತು ನಿಜ. ದರ ಮಾತ್ರ ಬೇಡಿಕೆಗೆ ತಕ್ಕಂತೆ ಏರಿಳಿಯುತ್ತದೆ. ಸುತ್ತಿ ಹೋಗುವ ಟಿಕೆಟ್ ನೇರ ವಿಮಾನಕ್ಕಿಂತ ಅಗ್ಗವಾಗಿ ಸಿಗುವುದು ಸಾಮಾನ್ಯ. ಕಾಯುವುದೇ ತೊಂದರೆಯಾದರೆ ತೀರಾ ಕಡಿಮೆ ಲೇಓವರ್ ಇರುವ ಟಿಕೆಟ್ ತೆಗೆದುಕೊಳ್ಳಬಹುದಲ್ಲ ಎಂಬುದು ಎರಡನೆಯ ವಾದ. ಮಧ್ಯದ ನಿಲ್ದಾಣ ಅಮೆರಿಕದ್ದೇ ಆದರೆ ಇದು ಅಪಾಯ: ಅಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜ್ ತೆಗೆದುಕೊಂಡು ಮತ್ತೆ ಒಪ್ಪಿಸಬೇಕು. ಒಂದೂವರೆ ಗಂಟೆ ಅದಕ್ಕೆ ಸಾಲದೆ ಹೋದೀತು.

ನೆಲದ ಮೇಲಿನ ಹೊತ್ತನ್ನೂ ಮರೆಯುವಂತಿಲ್ಲ. ಬೇಗಂಪೇಟೆ ನಿಲ್ದಾಣ ತಾರ್ನಾಕಕ್ಕೆ ಹತ್ತಿರವಿತ್ತು. 2008ರ ಮಾರ್ಚಿನಲ್ಲಿ ಪ್ರಯಾಣಿಕ ವಿಮಾನಗಳು ಶಂಷಾಬಾದಿಗೆ ಹೋದವು. ಈಗ ಮೂವತ್ತಕ್ಕೂ ಹೆಚ್ಚು ಕಿ.ಮೀ. ರಸ್ತೆ, ಮೂರು ಗಂಟೆ ಮೊದಲಿನ ಚೆಕ್-ಇನ್, ಎರಡೂ ಸೇರಿ ವಿಮಾನ ಅಲುಗುವ ಮೊದಲೇ ನಾಲ್ಕು ಗಂಟೆ ಕಳೆದಿರುತ್ತವೆ. ಆದ್ದರಿಂದ ಟಿಕೆಟ್ ಆರಿಸುವಾಗ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಒಟ್ಟು ಗಂಟೆ ಎಣಿಸಿ. ವಯಸ್ಸಾದವರಿಗಾದರೆ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ, ನಡುವೆ ಮೂರು ಗಂಟೆಯಾದರೂ ಬಿಡುವಿರಲಿ.