ಬಿತ್ತುವ ಮುನ್ನ ತಟ್ಟೆಯ ಲೆಕ್ಕ: ಸಮುದಾಯ ಕೃಷಿ ಮತ್ತು ಕುಟುಂಬದ ಆಹಾರ ವೈವಿಧ್ಯ

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಮೂರು ಹೊತ್ತೂ ಹೊಟ್ಟೆ ತುಂಬ ಉಣ್ಣುವ ಮನೆಯಲ್ಲಿಯೂ ಆಹಾರ ವೈವಿಧ್ಯದ ಕೊರತೆ ಇರಬಹುದೇ? ಅದನ್ನು ಅಳೆಯುವುದು ಹೇಗೆ?

ಉತ್ತರ: ಇರಬಹುದು. ಕಬ್ಬಿಣ, ಸತು, ಎ ಜೀವಸತ್ವ, ಫೋಲಿಕ್ ಆಮ್ಲ ಮೊದಲಾದವನ್ನು ಸೂಕ್ಷ್ಮ ಪೋಷಕಾಂಶಗಳು ಎನ್ನುತ್ತಾರೆ. ಇವು ದೇಹಕ್ಕೆ ಬೇಕಾಗುವುದು ಅತ್ಯಲ್ಪ ಪ್ರಮಾಣದಲ್ಲಿಯಾದರೂ ಇವಿಲ್ಲದೆ ದೇಹದ ಕೆಲಸ ಸಾಗುವುದಿಲ್ಲ. ಇವುಗಳ ಕೊರತೆ ಹಸಿವಿನ ರೂಪದಲ್ಲಿ ತೋರದೆ ಆಯಾಸ, ರಕ್ತಹೀನತೆ, ಮಕ್ಕಳ ಕುಂಠಿತ ಬೆಳವಣಿಗೆಯ ರೂಪದಲ್ಲಿ ತೋರುವುದರಿಂದ ಮನೆಯವರ ಗಮನಕ್ಕೆ ಬರುವುದು ತಡವಾಗಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 47.8ರಷ್ಟು, 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳ ಪೈಕಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆಗೆ ಬೇರೆ ಕಾರಣಗಳೂ ಉಂಟಾದರೂ ಒಂದೇ ಬಗೆಯ ಊಟ ಅವುಗಳಲ್ಲಿ ಮುಖ್ಯವಾದುದು.

ಮಹಿಳೆಯರ ಆಹಾರ ವೈವಿಧ್ಯವನ್ನು ಅಳೆಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಆಹಾರಪದಾರ್ಥಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಿದೆ: ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಎಣ್ಣೆಬೀಜ, ಹಾಲು–ಮೊಸರು, ಮಾಂಸ–ಮೀನು, ಮೊಟ್ಟೆ, ಕಡುಹಸಿರು ಸೊಪ್ಪು, ಎ ಜೀವಸತ್ವ ಹೇರಳವಾಗಿರುವ ಹಳದಿ–ಕಿತ್ತಳೆ ಬಣ್ಣದ ಹಣ್ಣು–ತರಕಾರಿ, ಇತರ ತರಕಾರಿ, ಇತರ ಹಣ್ಣು. ಹಿಂದಿನ ಒಂದು ಹಗಲು ಮತ್ತು ರಾತ್ರಿಯಲ್ಲಿ ಇವುಗಳಲ್ಲಿ ಕನಿಷ್ಠ ಐದು ಗುಂಪುಗಳ ಆಹಾರವನ್ನು ಸೇವಿಸಿದ್ದರೆ ಕನಿಷ್ಠ ವೈವಿಧ್ಯ ಸಿಕ್ಕಿದೆ ಎಂದು ಎಣಿಸಲಾಗುತ್ತದೆ. ಈ ಅಳತೆ ರೂಪುಗೊಂಡಿರುವುದು ಸಮುದಾಯಗಳ ಅಧ್ಯಯನಕ್ಕಾಗಿ. ಒಬ್ಬ ವ್ಯಕ್ತಿಯ ರೋಗನಿರ್ಣಯಕ್ಕೆ ಇದು ಸಲ್ಲದಿದ್ದರೂ ಮನೆಯ ಊಟದಲ್ಲಿ ಏನಿಲ್ಲವೆಂಬುದನ್ನು ಕಂಡುಕೊಳ್ಳಲು ಸಾಕಷ್ಟು ಉಪಯುಕ್ತ.

ಬಯಲುಸೀಮೆಯ ಒಂದು ದಿನದ ಊಟವನ್ನೇ ನೋಡಬಹುದು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಮುದ್ದೆ ಮತ್ತು ಟೊಮೆಟೊ ಹಾಕಿದ ಬೇಳೆಸಾರು, ರಾತ್ರಿ ಅದೇ ಸಾರಿನೊಂದಿಗೆ ಅನ್ನ ಉಂಡರೆ, ಅಕ್ಕಿ–ರಾಗಿ ಸೇರಿ ಒಂದು ಗುಂಪು, ಬೇಳೆ ಎರಡನೆಯದು, ಟೊಮೆಟೊ ಮೂರನೆಯದು. ಒಗ್ಗರಣೆಯ ಕರಿಬೇವು, ಚಹಾದೊಳಗಿನ ತುಸು ಹಾಲು ಲೆಕ್ಕಕ್ಕೆ ಬರುವುದಿಲ್ಲ. ಅದೇ ಮನೆಯಲ್ಲಿ ಬೇಳೆಸಾರಿನ ಬದಲು ಬೇಳೆ–ಟೊಮೆಟೊ ಹಾಕಿದ ಮಸ್ಸೊಪ್ಪು ಮಾಡಿ, ಚಿತ್ರಾನ್ನಕ್ಕೆ ಒಂದು ಹಿಡಿ ಕಡಲೆಕಾಯಿ ಬೀಜ ಹಾಕಿ, ಒಂದು ಹೋಳು ಪರಂಗಿಹಣ್ಣು ಕೊಟ್ಟರೆ ಮೂರು ಗುಂಪುಗಳು ಆರಾಗುತ್ತವೆ.

ಪ್ರಶ್ನೆ: ಸಮುದಾಯ ಕೃಷಿ ಎಂದರೇನು? ಅದು ಕುಟುಂಬದ ತಟ್ಟೆಯನ್ನು ಹೇಗೆ ಬದಲಿಸುತ್ತದೆ?

ಉತ್ತರ: ಹಲವು ಕುಟುಂಬಗಳು ಭೂಮಿ, ಬೀಜ, ನೀರು, ದುಡಿಮೆಗಳಲ್ಲಿ ಕೆಲವನ್ನಾದರೂ ಹಂಚಿಕೊಂಡು ಬೆಳೆ ತೆಗೆಯುವ ಪದ್ಧತಿಯೇ ಸಮುದಾಯ ಕೃಷಿ. 1998ರಲ್ಲಿ ಆರಂಭವಾದ ಕೇರಳದ ಕುಟುಂಬಶ್ರೀ ಯೋಜನೆಯಲ್ಲಿ ಮಹಿಳೆಯರ ಸಣ್ಣ ಗುಂಪುಗಳು ಗುತ್ತಿಗೆಗೆ ಪಡೆದ ಜಮೀನಿನಲ್ಲಿ ಭತ್ತ, ತರಕಾರಿ, ಬಾಳೆ ಬೆಳೆಯುತ್ತವೆ. ಬೀದರಿಗೆ ಹೊಂದಿಕೊಂಡಿರುವ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಬಹುಪಾಲು ದಲಿತ ರೈತ ಮಹಿಳೆಯರೇ ಇರುವ ಈ ಸಂಘಗಳು ಬೀಳುಬಿದ್ದ ಜಮೀನನ್ನು ಸಾಗುವಳಿಗೆ ತಂದು, ಅಲ್ಲಿ ಬೆಳೆದ ಜೋಳವನ್ನು ಊರಿನಲ್ಲಿಯೇ ಸಂಗ್ರಹಿಸಿ ಬಡಕುಟುಂಬಗಳಿಗೆ ಕಡಿಮೆ ದರದಲ್ಲಿ ಹಂಚುವ ವ್ಯವಸ್ಥೆಯನ್ನು ಕಟ್ಟಿದವು. ಮಳೆಯಾಶ್ರಿತ ಹೊಲದಲ್ಲಿ ಧಾನ್ಯ, ಬೇಳೆ, ಎಣ್ಣೆಬೀಜಗಳನ್ನು ಒಟ್ಟಿಗೆ ಬೆಳೆದು, ಬೀಜವನ್ನು ತಾವೇ ಕಾಪಿಟ್ಟು, ಕಳೆಯೆಂದು ಇತರರು ಕಿತ್ತೆಸೆಯುವ ಸೊಪ್ಪುಗಳನ್ನು ಆಹಾರವೆಂದೇ ಉಳಿಸಿಕೊಂಡವು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ 2019ರಲ್ಲಿ ಈ ಸಂಸ್ಥೆಗೆ ಸಂದಿತು.

ಬೆಳೆದದ್ದು ತಟ್ಟೆಗೆ ಬರುವ ದಾರಿಗಳು ಮೂರು. ಮೊದಲನೆಯದು ನೇರವಾಗಿ ಉಣ್ಣುವುದು. ಎರಡನೆಯದು ಹೆಚ್ಚಾದುದನ್ನು ಮಾರಿ ಬಂದ ಹಣದಲ್ಲಿ ಮೊಟ್ಟೆ, ಹಾಲು, ಮೀನುಗಳಂಥ ಹೊಲದಲ್ಲಿ ಬೆಳೆಯದ ಆಹಾರವನ್ನು ಕೊಳ್ಳುವುದು. ಮೂರನೆಯದು ಏನು ಬಿತ್ತಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬ ನಿರ್ಧಾರ ಅಡುಗೆಯ ಹೊಣೆ ಹೊತ್ತವರ ಕೈಗೆ ಬರುವುದು. ಈ ಮೂರನೆಯ ದಾರಿ ಮುಚ್ಚಿದ್ದರೆ ಮೊದಲಿನ ಎರಡು ದಾರಿಗಳು ಅರ್ಧದಲ್ಲಿಯೇ ನಿಲ್ಲುತ್ತವೆ.

ಪ್ರಶ್ನೆ: ತರಕಾರಿ ಬೆಳೆದ ಮಾತ್ರಕ್ಕೆ ಮಕ್ಕಳ ಊಟ ಸುಧಾರಿಸುತ್ತದೆಯೇ?

ಉತ್ತರ: ತಾನಾಗಿ ಸುಧಾರಿಸುವುದಿಲ್ಲ. ಒಡಿಶಾದ ಕೆಂದುಝರ್ ಜಿಲ್ಲೆಯಲ್ಲಿ ನಡೆದು, 2021ರಲ್ಲಿ ಪ್ರಕಟವಾದ ‘ಉಪವನ್’ ಅಧ್ಯಯನ ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ ಕೆಲವು ಹಳ್ಳಿಗಳ ಮಹಿಳಾ ಗುಂಪುಗಳಿಗೆ ಪೋಷಣೆಗೆ ನೆರವಾಗುವ ಕೃಷಿಯ ವಿಡಿಯೊಗಳನ್ನು ಮಾತ್ರ ತೋರಿಸಲಾಯಿತು. ಮತ್ತೆ ಕೆಲವು ಕಡೆ ಅದರೊಂದಿಗೆ ತಾಯಿ–ಮಗುವಿನ ಪೋಷಣೆಯ ವಿಡಿಯೊಗಳನ್ನೂ ಸೇರಿಸಿ ಚರ್ಚೆ ನಡೆಸಲಾಯಿತು. ಮಕ್ಕಳ ಆಹಾರ ವೈವಿಧ್ಯ ಹೆಚ್ಚಿದ್ದು ಪೋಷಣೆಯ ಮಾತು ಸೇರಿದ್ದ ಗುಂಪುಗಳಲ್ಲಿ. ಆದರೆ ಮಕ್ಕಳ ಕೃಶತೆ, ಅಂದರೆ ಎತ್ತರಕ್ಕೆ ತಕ್ಕ ತೂಕವಿಲ್ಲದಿರುವ ಸ್ಥಿತಿ, ಮತ್ತು ತಾಯಂದಿರ ದೇಹತೂಕದ ಸೂಚ್ಯಂಕ ಯಾವ ಗುಂಪಿನಲ್ಲಿಯೂ ಗಣನೀಯವಾಗಿ ಬದಲಾಗಲಿಲ್ಲ. ಮಗುವಿನ ತೂಕವನ್ನು ಊಟದ ಜೊತೆಗೆ ಭೇದಿ, ಕುಡಿಯುವ ನೀರು, ಶೌಚಾಲಯ, ತಾಯಿಯ ಆರೋಗ್ಯಗಳೂ ನಿರ್ಧರಿಸುವುದರಿಂದ, ಕೈತೋಟವೊಂದರಿಂದಲೇ ಅಪೌಷ್ಟಿಕತೆ ನೀಗುತ್ತದೆಂದು ಭರವಸೆ ಕೊಡುವುದು ಸರಿಯಲ್ಲ.

ಪ್ರಶ್ನೆ: ಕರ್ನಾಟಕದ ಒಣಸೀಮೆಯಲ್ಲಿ ಮಹಿಳಾ ಸಂಘವೊಂದು ಏನನ್ನು ಬೆಳೆಯಬಹುದು?

ಉತ್ತರ: ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆಗಳನ್ನು ಬಿತ್ತುವ ಅಕ್ಕಡಿ ಸಾಲಿನ ಪದ್ಧತಿ ಹಳೆಯ ಮೈಸೂರಿನ ರೈತರಿಗೆ ಹೊಸದಲ್ಲ. ಒಂದೇ ಹೊಲದಿಂದ ಧಾನ್ಯ, ಬೇಳೆ, ಎಣ್ಣೆಬೀಜ ಎಂಬ ಮೂರು ಗುಂಪುಗಳು ಮನೆಗೆ ಬರುವ ಈ ಪದ್ಧತಿಯನ್ನು ಮೊದಲು ಉಳಿಸಿಕೊಳ್ಳಬೇಕು. ಇಲ್ಲದಿರುವ ಗುಂಪುಗಳಿಗಾಗಿ ಬೋರ್‌ವೆಲ್ಲಿನ ತೊಟ್ಟಿ ಅಥವಾ ಅಂಗನವಾಡಿಯ ಬಳಿಯ ಚಿಕ್ಕ ಜಾಗ ಸಾಕು. ದಂಟು, ಬಸಳೆ, ಹೊನಗೊನ್ನೆ, ಚಕ್ರಮುನಿ ಸೊಪ್ಪುಗಳನ್ನು ಎರಡು ವಾರಗಳ ಅಂತರದಲ್ಲಿ ಮಡಿಮಡಿಯಾಗಿ ಹಾಕಿದರೆ ಒಂದು ಮಡಿ ಮುಗಿಯುವಷ್ಟರಲ್ಲಿ ಇನ್ನೊಂದು ಕೊಯ್ಲಿಗೆ ಬರುತ್ತದೆ. ಬೇಲಿಯ ಬದಿಯಲ್ಲಿ ನುಗ್ಗೆ, ಪರಂಗಿ, ನಿಂಬೆ, ಸೀಬೆ ಗಿಡಗಳಿದ್ದರೆ ಬೇಸಿಗೆಯಲ್ಲಿ ಮಡಿ ಒಣಗಿದಾಗಲೂ ಸೊಪ್ಪು–ಹಣ್ಣುಗಳ ಆಸರೆ ಪೂರ್ತಿ ತಪ್ಪುವುದಿಲ್ಲ. ಕೊಯ್ದಿಟ್ಟ ಸಿಹಿಕುಂಬಳ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ನುಗ್ಗೆಸೊಪ್ಪಿನ 100 ಗ್ರಾಂನಲ್ಲಿ ಸುಮಾರು 300 ಮಿಲಿಗ್ರಾಂ ಸುಣ್ಣದಂಶವಿದ್ದು, ರಾಗಿಯಲ್ಲಿಯೂ ಅದಕ್ಕೆ ಕಡಿಮೆಯಿಲ್ಲ.

ಪ್ರಶ್ನೆ: ಸೊಪ್ಪು ಹೆಚ್ಚಾಗಿ ಉಂಡರೆ ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಬಿಡಬಹುದೇ?

ಉತ್ತರ: ಖಂಡಿತ ಬಿಡಬಾರದು. ಸಸ್ಯಾಹಾರದ ಕಬ್ಬಿಣಾಂಶ ಕರುಳಿನಲ್ಲಿ ಹೀರಲ್ಪಡುವ ಪ್ರಮಾಣ ಕಡಿಮೆ. ಗರ್ಭಾವಸ್ಥೆಯ ಅಗತ್ಯವಾದರೋ ಊಟವೊಂದೇ ಪೂರೈಸಲಾಗದಷ್ಟು ಹೆಚ್ಚು. ಆದ್ದರಿಂದಲೇ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸುವ ವ್ಯವಸ್ಥೆ ಸರ್ಕಾರಿ ಕಾರ್ಯಕ್ರಮದಲ್ಲಿದೆ. ತೋಟದ ಸೊಪ್ಪು ಇದಕ್ಕೆ ಬೆಂಬಲ. ಸಿ ಜೀವಸತ್ವವು ಕಬ್ಬಿಣಾಂಶದ ಹೀರಿಕೆಯನ್ನು ಹೆಚ್ಚಿಸುವುದರಿಂದ ಸೊಪ್ಪಿನ ಊಟದೊಂದಿಗೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇರಬೇಕು. ಚಹಾ–ಕಾಫಿ ಆ ಹೀರಿಕೆಗೆ ಅಡ್ಡಿಯಾಗುವುದರಿಂದ ಊಟಕ್ಕೂ ಅವಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು. ಸೊಪ್ಪಿನ ಎ ಜೀವಸತ್ವ ಹೀರಲ್ಪಡಲು ತುಸು ಎಣ್ಣೆ ಬೇಕು. ಬಿ12 ಜೀವಸತ್ವವು ಸೊಪ್ಪು–ಕಾಳುಗಳಿಂದ ದೊರೆಯುವುದಿಲ್ಲವಾದ್ದರಿಂದ ಹಾಲು, ಮೊಸರು, ಮೊಟ್ಟೆ ಅಥವಾ ಮೀನಿನ ವ್ಯವಸ್ಥೆಯೂ ಆಗಬೇಕು. ಸಂಘವು ನಾಲ್ಕಾರು ನಾಟಿಕೋಳಿ ಸಾಕಿದರೆ ಆ ಕೊರತೆ ಒಂದಿಷ್ಟು ತುಂಬುತ್ತದೆ. 6 ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ನುಣ್ಣಗೆ ಮಸೆದ ಬೇಳೆ–ಸೊಪ್ಪು, ಬೇಯಿಸಿದ ಸಿಹಿಕುಂಬಳ, ಹಣ್ಣುಗಳನ್ನು ಒಂದೊಂದಾಗಿ ಕೊಡಬೇಕು.

ಪ್ರಶ್ನೆ: ಯಾರು, ಯಾವ ಎಚ್ಚರಿಕೆ ವಹಿಸಬೇಕು?

ಉತ್ತರ: ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವವರು ಪೊಟ್ಯಾಸಿಯಂ ಅಂಶದ ಕಾರಣದಿಂದಲೂ, ಮೂತ್ರಪಿಂಡದಲ್ಲಿ ಕಲ್ಲಾಗುವವರು ಪಾಲಕ್, ದಂಟುಗಳಲ್ಲಿನ ಆಕ್ಸಲೇಟ್ ಕಾರಣದಿಂದಲೂ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪಿನ ಕೆ ಜೀವಸತ್ವದ ಕಾರಣದಿಂದಲೂ ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ನಿರ್ಧರಿಸಬೇಕು. ಚರಂಡಿ ನೀರಿನಲ್ಲಿ ಸೊಪ್ಪು ಬೆಳೆಯಬಾರದು. ಕೀಟನಾಶಕ ಸಿಂಪಡಿಸಿದ್ದರೆ ಡಬ್ಬಿಯ ಮೇಲೆ ಸೂಚಿಸಿದ ದಿನಗಳು ಕಳೆಯುವವರೆಗೆ ಕೊಯ್ಯಬಾರದು. ಬರಿಗಾಲಿನಲ್ಲಿ ಮಣ್ಣಿನ ಕೆಲಸ ಮಾಡುವವರ ಚರ್ಮದ ಮೂಲಕ ಕೊಕ್ಕೆಹುಳು ದೇಹವನ್ನು ಸೇರಿ ರಕ್ತ ಹೀರುವುದರಿಂದ, ರಕ್ತಹೀನತೆ ನೀಗಲೆಂದು ಮಾಡಿದ ತೋಟವೇ ಅದನ್ನು ಹೆಚ್ಚಿಸದಿರಲು ಚಪ್ಪಲಿ ಮತ್ತು ಶೌಚಾಲಯಗಳ ಬಳಕೆ ಅನಿವಾರ್ಯ.

ಇಷ್ಟೆಲ್ಲದರ ಸಾರವಾಗಿ, ಬಿತ್ತನೆಗೆ ಮುನ್ನ ಸೇರುವ ಸಂಘದ ಸಭೆಯಲ್ಲಿ ಮೂರು ನಿರ್ಧಾರಗಳು ಆಗಲೇಬೇಕು: ಸದಸ್ಯೆಯರ ಮನೆಗಳಲ್ಲಿ ಹತ್ತರಲ್ಲಿ ಯಾವ ಗುಂಪುಗಳು ಇಲ್ಲವೆಂಬುದರ ಎಣಿಕೆ, ಆ ಗುಂಪುಗಳಿಗೆ ಮೀಸಲಾಗುವ ಜಾಗ, ಮಾರಾಟಕ್ಕೆ ಮೊದಲು ಪ್ರತಿ ಮನೆಗೂ, ವಿಶೇಷವಾಗಿ ಗರ್ಭಿಣಿ, ಬಾಣಂತಿ ಮತ್ತು ಪುಟ್ಟ ಮಕ್ಕಳಿರುವ ಮನೆಗೆ, ಎತ್ತಿಡುವ ಪಾಲು. ಇವು ಬರಹದಲ್ಲಿ ದಾಖಲಾಗಿ, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ನೆರವಿನಿಂದ ಮೂರು ತಿಂಗಳಿಗೊಮ್ಮೆ ಪರಿಶೀಲನೆಗೆ ಒಳಗಾದರೆ, ಬೆಳೆದ ಆಹಾರ ಯಾರಿಗೆ ಹೆಚ್ಚು ಅಗತ್ಯವೋ ಅವರ ತಟ್ಟೆಯನ್ನೇ ಮೊದಲು ಮುಟ್ಟುತ್ತದೆ.