ಇಮ್ಯುನೊಥೆರಪಿಗೆ ಮುನ್ನ ಈ ಪರೀಕ್ಷೆಗಳಾಗಲಿ

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಕೆಮ್ಮು ಬಿಡಲಿಲ್ಲವೆಂದು ಮೊದಲು ಟಿಬಿ ಮಾತ್ರೆ ಕೊಟ್ಟರು. ಆಮೇಲೆ ಬಯಾಪ್ಸಿಯಲ್ಲಿ ಶ್ವಾಸಕೋಶದ ಅಡಿನೊಕಾರ್ಸಿನೋಮಾ, ನಾಲ್ಕನೇ ಹಂತ ಎಂದು ಬಂತು. ಕೀಮೊ ಬೇಡವೇ ಬೇಡ, ಇಮ್ಯುನೊಥೆರಪಿ ಕೊಡಿಸಿ ಎಂದು ನೆಂಟರು ಹೇಳುತ್ತಿದ್ದಾರೆ. ಖರ್ಚಿಗಾಗಿ ತೆಂಗಿನ ತೋಟ ಮಾರಲು ಅಪ್ಪನೇ ಹೊರಟಿದ್ದಾರೆ. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: ತೋಟದ ಮಾತು ಸದ್ಯಕ್ಕೆ ಬೇಡ. ಬಯಾಪ್ಸಿ ಚೂರಿನ ಮೇಲೆ ಇಜಿಎಫ್‌ಆರ್, ಎಎಲ್‌ಕೆ ಜೀನ್ ಪರೀಕ್ಷೆ ಮತ್ತು ಪಿಡಿ-ಎಲ್1 ಪರೀಕ್ಷೆ ಆಗಿವೆಯೇ ಎಂದು ವೈದ್ಯರನ್ನು ಕೇಳಿ. ಆಗಿಲ್ಲದಿದ್ದರೆ, ಆ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಲ್ಯಾಬಿನಲ್ಲೇ ಇರುತ್ತದೆ. ಅದರಲ್ಲಿ ಸಾಕಷ್ಟು ಅಂಶ ಉಳಿದಿದ್ದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಧೂಮಪಾನ ಮಾಡದವರ ಅಡಿನೊಕಾರ್ಸಿನೋಮಾದಲ್ಲಿ, ಅದರಲ್ಲೂ ಏಷ್ಯಾದವರಲ್ಲಿ, ಇಜಿಎಫ್‌ಆರ್ ದೋಷ ಹೆಚ್ಚಾಗಿ ಸಿಗುತ್ತದೆ. ಅದು ಇದ್ದವರಿಗೆ ಇಮ್ಯುನೊಥೆರಪಿಯಿಂದ ಆಗುವ ಉಪಯೋಗ ಬಹಳ ಕಡಿಮೆ. ಜೆಫಿಟಿನಿಬ್, ಓಸಿಮರ್ಟಿನಿಬ್‌ನಂಥ ಮಾತ್ರೆಗಳೇ ಮೇಲು. ಅವಸರಪಟ್ಟು ಇಮ್ಯುನೊಥೆರಪಿ ಕೊಡಿಸಿ, ಅದರ ಬೆನ್ನಿಗೇ ಓಸಿಮರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶದಲ್ಲಿ ತೀವ್ರ ಉರಿಯೂತವಾಗುವ ಅಪಾಯವೂ ಇದೆ. ವರದಿಗಾಗಿ ಕಾಯುವ ದಿನಗಳು ಮನೆಯವರಿಗೆ ಎಷ್ಟು ಭಾರ ಎಂದು ಬಲ್ಲೆ. ಆದರೂ ಕಾಯಿರಿ. ಕಾಯಲಾಗದಷ್ಟು ತೊಂದರೆಯಿದ್ದರೆ ಅಲ್ಲಿಯವರೆಗೆ ಕೀಮೊ ಕೊಡಬಹುದು.

ಜೀನ್ ದೋಷ ಇಲ್ಲವೆಂದಾದರೆ ಇಮ್ಯುನೊಥೆರಪಿಗೆ ಅರ್ಥ ಬರುತ್ತದೆ. ನಮ್ಮ ರಕ್ತದ ಟಿ ಕಣಗಳ ಮೇಲೆ ಪಿಡಿ-1 ಎಂಬ ತಡೆ ಇದೆ. ಇದನ್ನು ಪತ್ತೆಹಚ್ಚಿದ ಜಪಾನಿನ ತಸುಕು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ಕ್ಯಾನ್ಸರ್ ಕಣ ತನ್ನ ಪಿಡಿ-ಎಲ್1ನಿಂದ ಆ ತಡೆಯನ್ನು ಒತ್ತಿ ಟಿ ಕಣಗಳನ್ನು ಸುಮ್ಮನಾಗಿಸುತ್ತದೆ. ಪೆಂಬ್ರೊಲಿಜುಮಾಬ್‌ನಂಥ ಔಷಧ ಆ ಹಿಡಿತ ಬಿಡಿಸುತ್ತದೆ. ಪಿಡಿ-ಎಲ್1 ಶೇ 50 ಅಥವಾ ಹೆಚ್ಚಿದ್ದವರಿಗೆ ಇದನ್ನೊಂದನ್ನೇ ಕೊಟ್ಟ ದೊಡ್ಡ ಅಧ್ಯಯನದಲ್ಲಿ, ಐದು ವರ್ಷದ ನಂತರ ನೂರರಲ್ಲಿ ಸುಮಾರು 32 ಮಂದಿ ಬದುಕಿದ್ದರು. ಕೀಮೊದಿಂದ ಆರಂಭಿಸಿದವರಲ್ಲಿ ಸುಮಾರು 16. ಪಿಡಿ-ಎಲ್1 ಕಡಿಮೆಯಿದ್ದರೆ ಸಾಮಾನ್ಯವಾಗಿ ಕೀಮೊ ಜೊತೆಗೇ ಕೊಡುತ್ತಾರೆ. ಹಾಗಾಗಿ ‘ಕೀಮೊ ಬೇಡವೇ ಬೇಡ’ ಎಂದು ಹಟ ಹಿಡಿಯಬೇಡಿ.

ಪ್ರಶ್ನೆ: ಅಮ್ಮನಿಗೆ ಇಮ್ಯುನೊಥೆರಪಿಯ ಮೂರನೇ ಡೋಸ್ ಆಗಿದೆ. ಈಗ ದಿನಕ್ಕೆ ಐದಾರು ಸಲ ಭೇದಿ, ಮೆಟ್ಟಿಲು ಹತ್ತಿದರೆ ಏದುಸಿರು. ಶಕ್ತಿಗೆಂದು ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ.
– ಓದುಗರು, ಹುಬ್ಬಳ್ಳಿ

ಉತ್ತರ: ಇದನ್ನು ಓದಿದ ಕೂಡಲೇ ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ, ಅಮ್ಮನನ್ನು ಇವತ್ತೇ ತೋರಿಸಿ. ತಡೆ ಬಿಟ್ಟ ಟಿ ಕಣಗಳು ಕೆಲವೊಮ್ಮೆ ಸ್ವಂತ ಕರುಳು, ಶ್ವಾಸಕೋಶ, ಥೈರಾಯ್ಡ್, ಯಕೃತ್ತಿನ ಮೇಲೂ ತಿರುಗಿಬೀಳುತ್ತವೆ. ಬೇಗ ಗುರುತಿಸಿದರೆ ಬಹುಪಾಲು ಸ್ಟಿರಾಯ್ಡ್‌ನಿಂದ ಹತೋಟಿಗೆ ಬರುತ್ತದೆ. ಸ್ಟಿರಾಯ್ಡ್ ಎಂದೊಡನೆ ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ. ಡೋಸನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಬೇಕಾಗುತ್ತದೆ. ವೈದ್ಯರು ಹೇಳುವವರೆಗೆ ಮುಂದಿನ ಡೋಸ್ ಬೇಡ.

ಕಷಾಯ ನಿಲ್ಲಿಸಿ. ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದು ನಮ್ಮ ದೇಶದಲ್ಲೇ ವರದಿಯಾಗಿದೆ.

ಈ ಚಿಕಿತ್ಸೆ ಪಡೆಯುವ ಎಲ್ಲರಲ್ಲೂ ಒಂದು ವಿನಂತಿ: ಔಷಧದ ಹೆಸರು ಮತ್ತು ಕೊನೆಯ ಡೋಸಿನ ದಿನಾಂಕ ಬರೆದ ಚೀಟಿ ಸದಾ ಜೊತೆಗಿರಲಿ. ಅಡ್ಡಪರಿಣಾಮ ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಬರಬಹುದು. ನೆಗಡಿಗೆ ಹೋದರೂ ಊರಿನ ಡಾಕ್ಟರಿಗೆ ಮೊದಲು ಆ ಚೀಟಿ ತೋರಿಸಿ.