ಚರಂಡಿಯ ನಾತಕ್ಕೆ ಮದ್ದು ಹಾಕುವ ಮುನ್ನ: ಏಳು ಸೂತ್ರಗಳು

ವಾರ್ಡಿನಲ್ಲಿ ನಾತ ಎದ್ದರೆ ಮೊದಲ ಫೋನು ಸದಸ್ಯರಿಗೆ. ಸಂಜೆಯೊಳಗೆ ಬ್ಲೀಚಿಂಗ್ ಪೌಡರಿನ ಚೀಲ ಬಂದಿಳಿಯುತ್ತದೆ. ಕಾರ್ಕಳ, ಕಾಪು, ಉಡುಪಿ, ಮಣಿಪಾಲ, ಎಲ್ಲೇ ಆದರೂ ಇದೇ ರೂಢಿ. ನಾತ ಹೋಗಬೇಕು, ನಿಜ. ಆದರೆ ಮದ್ದು ಹಾಕುವವನ ಉಸಿರೂ ಪಕ್ಕದ ಮನೆಯ ಬಾವಿಯೂ ಕೆಡಬಾರದು. ಸದಸ್ಯರು, ಅಪಾರ್ಟ್‌ಮೆಂಟ್ ಸಂಘದವರು ಗಮನಿಸಿ.

1. ಮೂಲ ಹುಡುಕಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಕೊಳಚೆ ಹರಿಯದೆ ನಿಂತು ಆಮ್ಲಜನಕ ಮುಗಿದಾಗ ಹೂಳಿನಲ್ಲಿ ಹುಟ್ಟುವ ಅನಿಲ ಅದು. ಹೂಳು ತೆಗೆಸಿ, ಹೋಟೆಲಿನ ಜಿಡ್ಡು ಪೈಪಿಗೆ ಬೀಳದಂತೆ ನೋಡಿಕೊಳ್ಳಿ. ಎಷ್ಟೋ ಕಡೆ ಮದ್ದೇ ಬೇಕಾಗುವುದಿಲ್ಲ.

2. ಪರಿಮಳ ಸುರಿಯಬೇಡಿ. ನಿಂಬೆ, ಮಲ್ಲಿಗೆಯ ದ್ರಾವಣ ಮೂಗನ್ನಷ್ಟೇ ಮೋಸಗೊಳಿಸುತ್ತದೆ. ಅನಿಲ ಅಲ್ಲೇ ಇರುತ್ತದೆ. ಅದರ ಪ್ರಮಾಣ 100 ಪಿಪಿಎಂ ಮುಟ್ಟಿದರೆ ಸ್ವಲ್ಪ ಹೊತ್ತಿನಲ್ಲೇ ಮೂಗು ಸೋಲುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲಿ ಕೂತಿರುತ್ತದೆ. 500 ದಾಟಿದರೆ ಮನುಷ್ಯ ಕುಸಿದು ಬೀಳುತ್ತಾನೆ. ನಂಬಬೇಕಾದ್ದು ಮೂಗನ್ನಲ್ಲ, ಅನಿಲ ಅಳೆಯುವ ಮೀಟರನ್ನು.

3. ಎರಡು ಮದ್ದು ಬೆರೆಸಲೇಬೇಡಿ. ಮಳೆಗಾಲದ ಒಂದು ಬೆಳಿಗ್ಗೆ ನಾನು ಕಂಡದ್ದು: ಕೈಗೆ ಗ್ಲೌಸಿಲ್ಲದ ಹುಡುಗನೊಬ್ಬ ತೆಂಗಿನ ಗೆರಟೆಯಲ್ಲಿ ಬ್ಲೀಚಿಂಗ್ ಪೌಡರ್ ಮೊಗೆದು ಮೋರಿಗೆ ಎರಚುತ್ತಿದ್ದ. ಹುಬ್ಬಿನ ಮೇಲೆಲ್ಲ ಬಿಳಿ ಹುಡಿ, ಕಣ್ಣು ಕೆಂಪು. ಪಕ್ಕದಲ್ಲೇ ಟಾಯ್ಲೆಟ್ ಆ್ಯಸಿಡ್ಡಿನ ಕ್ಯಾನು, ಅದೂ ಅದೇ ಮೋರಿಗೆ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ತಾಗಿದರೆ ಏಳುವುದು ಕ್ಲೋರಿನ್ ಅನಿಲ, ಮೊದಲ ವಿಶ್ವಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ವಿಷ. ಇಷ್ಟೇ ಅಲ್ಲ, ಆ್ಯಸಿಡ್ ಬಿದ್ದ ಕೊಳಚೆಯಿಂದ ಹೈಡ್ರೋಜನ್ ಸಲ್ಫೈಡೂ ಒಮ್ಮೆಲೇ ಹೊರಬರುತ್ತದೆ. ದೊಡ್ಡ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ (ಎಸ್‌ಟಿಪಿ) ಬಳಸುವ ಫೆರಿಕ್ ಕ್ಲೋರೈಡ್ ಕೂಡ ಆ್ಯಸಿಡ್ಡಿನ ಜಾತಿಯದೇ. ಅದನ್ನು ಬ್ಲೀಚಿಂಗ್ ಪೌಡರಿನ ಕೋಣೆಯಲ್ಲಿ ಇಡಬಾರದು.

4. ಬಾವಿಯ ದೂರ ನೋಡಿ. ನಮ್ಮದು ಮುರಕಲ್ಲಿನ ನೆಲ, ಸುರಿದದ್ದೆಲ್ಲ ಇಳಿಯುತ್ತದೆ. ಕೊಳಚೆ ಸೇರಿದ ತೋಡು ಬಾವಿಗಳನ್ನು ಏನು ಮಾಡುತ್ತದೆಂದು ಉಡುಪಿಯ ಇಂದ್ರಾಣಿ ನದಿಯ ದಡದವರನ್ನು ಕೇಳಿ. ನಾತಕ್ಕೆ ಹಾಕುವ ಕ್ಯಾಲ್ಸಿಯಂ ನೈಟ್ರೇಟ್ ಮುಟ್ಟುವ ಕೈಗೆ ಅಷ್ಟು ಅಪಾಯದ್ದಲ್ಲ, ಆದರೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರುವಂತಿಲ್ಲ.

5. ಎಸ್‌ಟಿಪಿಯ ಸೂಕ್ಷ್ಮಜೀವಿಗಳನ್ನು ಕೊಲ್ಲಬೇಡಿ. ಕೊಳಚೆ ತಿನ್ನುವುದು ಅವೇ. ಅತಿಯಾದ ಕ್ಲೋರಿನ್, ಫಿನಾಯಿಲ್ ಅಲ್ಲಿಗೆ ಹೋದರೆ ನಾತ ಇನ್ನೂ ಹೆಚ್ಚುತ್ತದೆ.

6. ಒಳಗೇನಿದೆ ಎಂಬ ಚೀಟಿಯಿಲ್ಲದ ಕ್ಯಾನ್ ವಾಪಸ್ ಕಳಿಸಿ.

7. ಯಾರನ್ನೂ ಗುಂಡಿಗೆ ಇಳಿಸಬೇಡಿ. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಎಸ್‌ಟಿಪಿಯಲ್ಲಿ ಮೂವರು ಸತ್ತರು. ರಕ್ಷಣಾ ಸಲಕರಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಂತೆ ಅಪರಾಧ. ಹೀಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಕ್ಕಿಂಗ್ ಮಷಿನ್ ತರಿಸಿ. ಒಬ್ಬ ಒಳಗೆ ಬಿದ್ದದ್ದು ಕಂಡರೆ ಇನ್ನೊಬ್ಬ ಹಿಂದೆಯೇ ಧುಮುಕದಂತೆ ಹಿಡಿದು ನಿಲ್ಲಿಸಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಉಸಿರಾಟದ ಸಿಲಿಂಡರ್ ತೊಟ್ಟು ಇಳಿಯಬಲ್ಲವರು ಅವರು.